ಪಕ್ಕದ ಗುಡ್ಡದಿಂದ ಕಂಡ ದೋಷ

ಬಳ್ಳಾರಿ ಕೋಟೆಯ ಬಗ್ಗೆ ನಮ್ಮೂರಲ್ಲಿ ಒಂದು ಕತೆ ಹೇಳುತ್ತಾರೆ. ಹೈದರಾಲಿ ಕೋಟೆಯನ್ನು ವಶಪಡಿಸಿಕೊಂಡ ಮೇಲೆ ಫ್ರೆಂಚ್ ಇಂಜಿನಿಯರೊಬ್ಬನಿಂದ ಅದನ್ನು ಭದ್ರಪಡಿಸಿ, ಕೆಳಕೋಟೆಯನ್ನೂ ಕಟ್ಟಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಉಳಿಯದು. ಸಿಟ್ಟಿಗೆದ್ದ ಹೈದರ್ ಇಂಜಿನಿಯರನ್ನು ನೇಣಿಗೆ ಹಾಕಿಸಿದನಂತೆ. ಇದು ಜನ ಹೇಳುವ ಕತೆ. ಆದರೂ ಅದರಲ್ಲೊಂದು ತಿಳಿವಳಿಕೆಯಿದೆ: ಕೋಟೆಯೊಳಗೆ ನಿಂತವರಿಗೆ ಕೋಟೆಯ ದೋಷ ಕಾಣುವುದಿಲ್ಲ.

ಈ ಕತೆ ನೆನಪಾದದ್ದು ಒಂದು ವಿಡಿಯೋ ಗೇಮಿನ ದೆಸೆಯಿಂದ. 2018ರ ಜನವರಿಯಲ್ಲಿ ಬಂದ ‘ಸೆಲೆಸ್ಟ್’ ಯಾವ ದೊಡ್ಡ ಕಂಪನಿಯದೂ ಅಲ್ಲ. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ 2015ರಲ್ಲಿ ನಾಲ್ಕೇ ದಿನಗಳಲ್ಲಿ ಮಾಡಿದ ಪುಟ್ಟ ಆಟವೊಂದು ಸಣ್ಣ ತಂಡದ ಕೈಯಲ್ಲಿ ಬೆಳೆದು ಈ ರೂಪಕ್ಕೆ ಬಂತು. ಮ್ಯಾಡೆಲಿನ್ ಎಂಬ ಹುಡುಗಿ ಒಂದು ಪರ್ವತ ಹತ್ತಬೇಕು, ಕತೆ ಅಷ್ಟೆ. ಅವಳಿಗೆ ಗೊತ್ತಿರುವುದು ಮೂರೇ: ನೆಗೆಯುವುದು, ಗಾಳಿಯಲ್ಲಿ ಒಮ್ಮೆ ಚಿಮ್ಮುವುದು, ಬಂಡೆಗೆ ಅಂಟಿಕೊಳ್ಳುವುದು. ಒಂದೊಂದು ಪರದೆಯೂ ಒಂದೊಂದು ಗಂಟು. ತಪ್ಪಿದರೆ ಮುಳ್ಳು, ಇಲ್ಲವೇ ಪ್ರಪಾತ. ಸತ್ತ ಮರುಕ್ಷಣವೇ ಅದೇ ಪರದೆಯ ಮೊದಲಿಗೆ ಬಂದು ನಿಂತಿರುತ್ತೀರಿ. ನಾನು ತುದಿ ಮುಟ್ಟುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಲ ಸತ್ತಿದ್ದೆ.

ಆಟದ ದೊಡ್ಡಗುಣವಿರುವುದು ಈ ಕಾಠಿಣ್ಯದೊಳಗೆ ಬಚ್ಚಿಟ್ಟ ಕರುಣೆಯಲ್ಲಿ. ಮ್ಯಾಡೆಲಿನ್ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಕಣ್ಣೆವೆಯಿಕ್ಕುವಷ್ಟು ಹೊತ್ತು ನೆಗೆಯಲು ಅವಕಾಶವಿದೆ. ನೆಲ ಮುಟ್ಟುವ ತುಸು ಮೊದಲೇ ಗುಂಡಿ ಒತ್ತಿದರೂ ಆಟ ಅದನ್ನು ನೆನಪಿಟ್ಟುಕೊಂಡು ನೆಗೆಸುತ್ತದೆ. ಆಡುವವನಿಗೆ ಇದ್ಯಾವುದೂ ತಿಳಿಯುವುದಿಲ್ಲ. ಎಲ್ಲ ತನ್ನದೇ ಕೈಚಳಕ ಅಂದುಕೊಳ್ಳುತ್ತಾನೆ. ಕತೆಗೂ ಇದೇ ಗುಣವಿದೆ. ಮ್ಯಾಡೆಲಿನ್ ತನ್ನ ಅಂಜಿಕೆಯ ಭಾಗವನ್ನು ಕಳಚಿ ಎಸೆಯಲು ನೋಡಿದಾಗ ಪರ್ವತದ ಬುಡಕ್ಕೇ ಬೀಳುತ್ತಾಳೆ. ಅದರ ಜೊತೆ ರಾಜಿಯಾದ ಮೇಲೆಯೇ ಮೇಲೆ ಹತ್ತುವ ಬಲ ಬರುತ್ತದೆ.

ಹೋದ ಬೇಸಿಗೆಯಲ್ಲಿ ಸಿರುಗುಪ್ಪದ ಚಿಕ್ಕಮ್ಮನ ಮನೆಗೆ ಹೋದಾಗ ತಮ್ಮನಿಗೆ ಈ ಆಟ ಕೊಟ್ಟೆ. ಭತ್ತದ ಒಕ್ಕಣೆ ಯಂತ್ರದ ಬೆಲ್ಟಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಕೀಬೋರ್ಡಿನಲ್ಲಿ ಈ ಆಟ ಆಡಲು ಬಲಗೈ ಬಾಣದ ಗುಂಡಿಗಳ ಮೇಲಿರಬೇಕು, ಎಡಗೈ ಒಂದು ಗುಂಡಿಯನ್ನು ಒತ್ತಿ ಹಿಡಿದೇ ಇನ್ನೆರಡನ್ನು ಒತ್ತಬೇಕು. ಎರಡು ದಿನ ಒದ್ದಾಡಿದ. ಮೂರನೆಯ ದಿನ ಆಟದಲ್ಲೇ ಇರುವ ಸಹಾಯದ ಆಯ್ಕೆಯನ್ನು ತೆರೆದ. ಅಲ್ಲಿ ವೇಗ ತಗ್ಗಿಸಬಹುದು, ದಣಿವಿಲ್ಲದಂತೆ ಮಾಡಬಹುದು, ಬೇಕಾದರೆ ಸಾವೇ ಇಲ್ಲದಂತೆಯೂ ಮಾಡಬಹುದು. ಅವನು ವೇಗವನ್ನು ಮಾತ್ರ ತಗ್ಗಿಸಿ, ವಾರದಲ್ಲಿ ತುದಿ ಮುಟ್ಟಿ ನನಗೆ ತೋರಿಸಿದ. ನಾನು ನಕ್ಕು, “ಹಂಗ ಆಡಿದ್ರ ಅದು ಗೆದ್ದಂಗಲ್ಲ ಬಿಡಪ್ಪ” ಅಂದೆ.

“ಯಾಕಣ್ಣ?” ಅಂದ. ಅಷ್ಟೇ. ನನ್ನ ಬಳಿ ಉತ್ತರವಿರಲಿಲ್ಲ.

ಆಟವೆಂದರೆ ಅಗತ್ಯವಿಲ್ಲದ ಅಡ್ಡಿಗಳನ್ನು ಮನಸಾರೆ ಒಪ್ಪಿಕೊಂಡು ದಾಟಲು ನೋಡುವುದು ಎಂದು ಬರ್ನಾರ್ಡ್ ಸೂಟ್ಸ್ ಎಂಬ ದಾರ್ಶನಿಕ 1978ರ ತನ್ನ ಪುಸ್ತಕದಲ್ಲಿ ವಾದಿಸಿದ. ಈ ಮಾತನ್ನು ಹಿಡಿದು ನೋಡಿದರೆ ನನ್ನ ನಗು ನಿಲ್ಲುವುದಿಲ್ಲ. ಅಡ್ಡಿಯನ್ನು ಒಪ್ಪಿಕೊಂಡವನು ಅವನೂ ಹೌದು. ಅವನೂ ನೂರಾರು ಸಲ ಸತ್ತಿದ್ದ. ನಾನು ಅಂಚು ದಾಟಿ ನೆಗೆದಾಗ ಆಟ ಗುಟ್ಟಾಗಿ ಕೊಟ್ಟ ಕ್ಷಣವನ್ನು ನನ್ನ ಸಾಮರ್ಥ್ಯವೆಂದು ಎಣಿಸಿದ್ದೆ. ಅವನು ಬಹಿರಂಗವಾಗಿ ಕೇಳಿ ಪಡೆದ ಕ್ಷಣವನ್ನು ಮೋಸವೆಂದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ: ನನಗೆ ಸಿಕ್ಕ ನೆರವು ನನ್ನಂಥ ಕೈಗಳಿಗಾಗಿ ಮೊದಲೇ ಲೆಕ್ಕ ಹಾಕಿಟ್ಟದ್ದು.

ಹಾಗೆಂದು ಕಷ್ಟವೇ ಬೇಡವೆಂದು ನಾನು ಹೇಳಲಾರೆ. ಸಾವೇ ಇಲ್ಲದಂತೆ ಆಡಿದರೆ ಪರ್ವತ ಬರೀ ಚಿತ್ರವಾಗಬಹುದು. ಕಷ್ಟ ಈ ಕೃತಿಯ ಅರ್ಥಕ್ಕೆ ಬೇಕು. ಆದರೆ ಕಷ್ಟ ಇರುವುದು ಆಟ ಮತ್ತು ಆಡುವವನ ನಡುವೆ, ಬರೀ ಆಟದೊಳಗಲ್ಲ. ಒಂದೇ ಬಂಡೆ ಎರಡು ಕೈಗಳಿಗೆ ಎರಡು ಎತ್ತರ. ತಯಾರಕರಿಗೂ ಇದು ಒಂದೇ ಸಲಕ್ಕೆ ಹೊಳೆಯಲಿಲ್ಲ. ಸಹಾಯದ ಆಯ್ಕೆ ತೆರೆದಾಗ ಬರುವ ಟಿಪ್ಪಣಿ ಮೊದಲು, ಇದಿಲ್ಲದೆ ಆಡುವುದೇ ಸರಿ ಎಂಬ ಧಾಟಿಯಲ್ಲಿತ್ತು. ಆಕ್ಷೇಪ ಕೇಳಿ 2019ರಲ್ಲಿ ಅದನ್ನು ತಿದ್ದಿದರು.

ಈ ಆಟದ ನಿಜವಾದ ಕೊರತೆ ಬೇರೆಯೇ ಇದೆ, ಅದನ್ನು ತಿದ್ದುವುದು ಸುಲಭವಲ್ಲ. ಇಲ್ಲಿ ಸೋಲು ಬಿಟ್ಟಿ. ಬಿದ್ದಷ್ಟೂ ಕಲಿಯುತ್ತೀಯ, ಬಿದ್ದದ್ದಕ್ಕೆ ಹೆಮ್ಮೆಪಡು ಎನ್ನುತ್ತದೆ ಆಟ. ಬಿದ್ದದ್ದಕ್ಕೆ ಅದು ಏನನ್ನೂ ಕಿತ್ತುಕೊಳ್ಳುವುದಿಲ್ಲವಾದ್ದರಿಂದ ಆ ಮಾತು ಅಲ್ಲಿ ನಿಜ. ಕುರುಗೋಡಿನ ನನ್ನ ಗೆಳೆಯನೊಬ್ಬ ಐದು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಿದ್ದಾನೆ. ಪ್ರತಿ ಸೋಲಿಗೂ ಒಂದು ವರ್ಷ, ಬಳ್ಳಾರಿಯ ರೂಮಿನ ಬಾಡಿಗೆ, ಅಪ್ಪನ ಮೌನ. ವಯೋಮಿತಿ ಹತ್ತಿರವಾಗುತ್ತಿದೆ. ಅವನು ಮರುಕ್ಷಣವೇ ಅದೇ ಪರದೆಯ ಮೊದಲಿಗೆ ಬಂದು ನಿಲ್ಲುವುದಿಲ್ಲ, ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡುತ್ತಾನೆ. ಅವನಿಗೆ “ಬಿದ್ದು ಏಳು” ಎಂದು ನಾನೂ ಹೇಳಿದ್ದೆ. ಬೀಳುವುದರ ಬೆಲೆಯನ್ನು ತೆರಬೇಕಿಲ್ಲದವನು ಹೇಳುವ ಧೈರ್ಯದ ಮಾತು ಬೆಲೆ ತೆರುವವನ ಕಿವಿಗೆ ಬೈಗುಳದಂತೆ ಕೇಳಿಸೀತು ಎಂದು ಆಗ ಹೊಳೆದಿರಲಿಲ್ಲ.

ಇಷ್ಟಾದರೂ ಸೆಲೆಸ್ಟನ್ನು ನಾನು ಬಿಟ್ಟುಕೊಡಲಾರೆ. ಕುಂಬಾರ ಗುಡ್ಡ ಎತ್ತರವಿದ್ದ ಮಾತ್ರಕ್ಕೆ ಬಳ್ಳಾರಿ ಕೋಟೆ ಕೆಟ್ಟ ಕೋಟೆಯಾಗುವುದಿಲ್ಲ. ಕೃತಿಯ ದೋಷ ಕಂಡಾಗ ಕಟ್ಟಿದವನನ್ನು ನೇಣಿಗೆ ಹಾಕುವುದು ಹೈದರನ ವಿಮರ್ಶೆ. ದೋಷ ಯಾವ ಗುಡ್ಡದಿಂದ ಕಂಡಿತು, ಆ ಗುಡ್ಡದ ಮೇಲೆ ಯಾರಿದ್ದಾರೆ ಎಂದು ಕೇಳುವುದು ಇನ್ನೊಂದು ಬಗೆ.

ಮೊನ್ನೆ ಸಿರುಗುಪ್ಪಕ್ಕೆ ಹೋದಾಗ, ತಮ್ಮ ಆಡುತ್ತಿದ್ದ ವೇಗಕ್ಕೇ ಆಟವನ್ನಿಟ್ಟು, ಎಡಗೈಯ ಎರಡು ಬೆರಳು ಚಾಚಿಕೊಂಡೇ ಆಡಲು ನೋಡಿದೆ. ಎರಡನೆಯ ಅಧ್ಯಾಯ ದಾಟಲಿಲ್ಲ. ತಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದ. ನಗಲಿಲ್ಲ.