ಏಣಿ ಕೊಟ್ಟೇನು, ಮೈಕ್ರೋಮೀಟರ್ ಕೊಡೆನು

ಕೆಳಗಿನ ಮನೆಯ ಭಾಯ್ ಏಣಿ ಕೇಳಲು ಬಂದಾಗ ಶಾಸ್ತ್ರವನ್ನೂ ಜತೆಗೆ ತಂದರು. ಕುರಾನಿನ 107ನೇ ಅಧ್ಯಾಯ ಬಲು ಚಿಕ್ಕದು, ಏಳೇ ವಾಕ್ಯ. ಅನಾಥನನ್ನು ತಳ್ಳಿಬಿಡುವವನು, ಬಡವನ ಊಟದ ಯೋಚನೆ ಇಲ್ಲದವನು, ನಾಲ್ಕು ಜನ ನೋಡಲಿ ಎಂದು ನಮಾಜು ಮಾಡುವವನು, ಇವರನ್ನೆಲ್ಲ ತರಾಟೆಗೆ ತೆಗೆದುಕೊಂಡು ಕೊನೆಗೆ ಅದು ಬಂದು ನಿಲ್ಲುವುದು ಸಣ್ಣಪುಟ್ಟ ಸಾಮಾನನ್ನೂ ಕೊಡಲೊಲ್ಲದವನ ಮೇಲೆ. ಕೆಲವರು ಅದನ್ನು ಜಕಾತ್ ಎಂದು ಅರ್ಥ ಮಾಡುತ್ತಾರೆ. ಹಳೆಯ ವ್ಯಾಖ್ಯಾನಕಾರರಲ್ಲಿ ಹಲವರು ಮಾತ್ರ ನೇರವಾಗಿ ಪಟ್ಟಿಯನ್ನೇ ಕೊಡುತ್ತಾರೆ: ಪಾತ್ರೆ, ಬಕೆಟ್ಟು, ಕೊಡಲಿ. “ಏಣಿ ಅದರಲ್ಲಿ ಇಲ್ಲವಲ್ಲ ಭಾಯ್” ಅಂದೆ. “ಕೊಡಲಿ ಬಂದ ಮೇಲೆ ಏಣಿ ಬಂದ ಹಾಗೇ ಸಾರ್” ಅಂದರು. ಏಣಿ ಹೋಯಿತು, ಸಂಜೆಗೆ ವಾಪಸು ಬಂತು.

ಟ್ರಿಪ್ಲಿಕೇನಿನಲ್ಲಿ ಶಾಸ್ತ್ರಕ್ಕೇನೂ ಬರಗಾಲವಿಲ್ಲ. ಪಾರ್ಥಸಾರಥಿ ದೇವಸ್ಥಾನ ಇದೆ, 1795ರಲ್ಲಿ ಆರ್ಕಾಟಿನ ನವಾಬರ ಮನೆತನ ಕಟ್ಟಿಸಿದ ವಾಲಾಜಾ ಮಸೀದಿ ಇದೆ, ಟಿ.ಪಿ. ಕೋಯಿಲ್ ಬೀದಿಯಲ್ಲಿ ನಮ್ಮ ರಾಯರ ಮಠ ಇದೆ. ನಮ್ಮಜ್ಜ ಕೋಲಾರದ ಕಡೆಯಿಂದ ಬಂದವರು, ಮಠ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಇಲ್ಲಿ ಮನೆ ಹಿಡಿದರು. ನಾನು ಹೊಟ್ಟೆಪಾಡು ಕಂಡುಕೊಂಡದ್ದು ಅಂಬತ್ತೂರಿನ ಕೈಗಾರಿಕಾ ವಸಾಹತಿನಲ್ಲಿ, ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ. ಸೆಂಟ್ರಲ್‌ನಿಂದ ಲೋಕಲ್ ಟ್ರೇನು, ಪಟ್ಟರವಾಕ್ಕಂನಲ್ಲಿ ಇಳಿದು ನಡಿಗೆ. ಮನೆಯೊಳಗೆ ಕನ್ನಡ, ಬಾಗಿಲಾಚೆ ತಮಿಳು, ಟೂಲ್‌ರೂಮಿನಲ್ಲಿ ಎರಡೂ ಅಲ್ಲದ ಇನ್ನೊಂದು.

ಕಾರ್ಖಾನೆಯಲ್ಲಿ ಎರವಲಿಗೆ ಒಂದು ಒಳ್ಳೆಯ ಪದ್ಧತಿ ಇತ್ತು. ಪ್ರತಿಯೊಬ್ಬನಿಗೂ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆಗಳು. ಸ್ಟೋರಿನ ಕಿಟಕಿಯಲ್ಲಿ ಬಿಲ್ಲೆ ಕೊಟ್ಟರೆ ರೀಮರ್ ಕೊಡುವರು, ರೀಮರ್ ಇದ್ದ ಮೊಳೆಗೆ ನಿಮ್ಮ ಬಿಲ್ಲೆ ತೂಗುಹಾಕುವರು. ಸಾಯಂಕಾಲ ಯಾವ ಮೊಳೆಯಲ್ಲಿ ಬಿಲ್ಲೆ ಉಳಿದಿದೆ ಎಂದು ನೋಡಿದರೆ ಯಾರ ಹತ್ತಿರ ಏನಿದೆ ಎನ್ನುವುದು ಗೊತ್ತಾಗುತ್ತದೆ. ಕೇಳುವವನಿಗೆ ಸಂಕೋಚವಿಲ್ಲ, ಕೊಡುವವನಿಗೆ ಮುನಿಸಿಲ್ಲ, ದೇವರು ಧರ್ಮದ ಮಾತೇ ಇಲ್ಲ. ತೊಡಕು ಶುರುವಾಗುವುದು ಸ್ವಂತ ಪೆಟ್ಟಿಗೆಯಿಂದ. ಟೂಲ್‌ರೂಮಿನವನಿಗೆ ತನ್ನದೇ ಎನ್ನುವ ಒಂದು ಪೆಟ್ಟಿಗೆ ಇರುತ್ತದೆ, ಅದರ ಬೀಗದ ಕೈ ಉಡಿದಾರದಲ್ಲಿರುತ್ತದೆ. ಬಿಲ್ಲೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ನಮ್ಮ ಫೋರ್‌ಮನ್ ಪೆರಂಬೂರಿನ ಆಂಗ್ಲೋ ಇಂಡಿಯನ್. ಅರ ಹಿಡಿಯುವುದನ್ನು ಅವರೇ ಕಲಿಸಿದ್ದು. ಹೊಸ ಅರವನ್ನು ಮೊದಲು ಹಿತ್ತಾಳೆಗೇ ಇಟ್ಟುಕೊಳ್ಳಬೇಕು. ಹಿತ್ತಾಳೆಗೆ ಚೂಪು ಹಲ್ಲೇ ಬೇಕು, ಸ್ವಲ್ಪ ಮೊಂಡಾಯಿತೋ ಕಚ್ಚದೆ ಜಾರುತ್ತದೆ. ಹಿತ್ತಾಳೆಗೆ ಆಗದ ಅರ ಉಕ್ಕಿಗೆ ಇನ್ನೂ ಎಷ್ಟೋ ದಿನ ನಡೆಯುತ್ತದೆ. ಹಿತ್ತಾಳೆಯಿಂದ ಉಕ್ಕಿಗೆ ಹೋಗಬಹುದು, ಉಕ್ಕಿನಿಂದ ಹಿತ್ತಾಳೆಗೆ ಮರಳುವ ದಾರಿ ಇಲ್ಲ. ಇಂಥ ಅರವನ್ನು ಗೆಳೆಯ ಕೇಳಿ ಒಯ್ದು, ಮನೆಯ ಗೇಟಿನ ಚಿಲಕವನ್ನು ಒಂದು ಹತ್ತು ಸಲ ಉಜ್ಜಿ, ಒರೆಸಿ, ಕಾಗದದಲ್ಲಿ ಸುತ್ತಿ, ಥ್ಯಾಂಕ್ಸ್ ಹೇಳಿ ವಾಪಸು ಕೊಡುತ್ತಾನೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅವನು ಸುಳ್ಳು ಹೇಳಿಲ್ಲ, ಮುರಿದಿಲ್ಲ, ತಡಮಾಡಿಲ್ಲ. ಮರುದಿನ ಹಿತ್ತಾಳೆಯ ಮೇಲೆ ಅರ ಇಟ್ಟಾಗ ಅಂಗೈಗೆ ತಿಳಿಯುತ್ತದೆ. ಅವನನ್ನು ಯಾವ ತಪ್ಪಿಗೆ ಬೈಯುವುದು?

ಮೈಕ್ರೋಮೀಟರ್ ಇನ್ನೂ ನಾಜೂಕು. ಸೊನ್ನೆಯಿಂದ 25 ಮಿಲಿಮೀಟರಿನದು 0.01 ಮಿಲಿಮೀಟರಿನವರೆಗೆ ಓದುತ್ತದೆ, ಕೂದಲೆಳೆಯನ್ನೇ ಸೀಳಿ ಐದಾರು ಪಾಲು ಮಾಡುವ ಲೆಕ್ಕ. ಅಳೆಯುವಾಗ ಹಿಂದಿನ ರ್‍ಯಾಚೆಟ್ಟನ್ನು ಬೆರಳ ತುದಿಯಲ್ಲಿ ತಿರುಗಿಸಿ ಟಿಕ್ ಟಿಕ್ ಅಂದ ಕೂಡಲೇ ಬಿಡಬೇಕು. ಪೆಟ್ಟಿಗೆಯಲ್ಲಿಡುವಾಗ ಎರಡು ಬಾಯಿಯೂ ಒಂದಕ್ಕೊಂದು ತಾಗದ ಹಾಗೆ ಚೂರು ತೆರೆದಿಡಬೇಕು, ಇಲ್ಲದಿದ್ದರೆ ಮದ್ರಾಸಿನ ಸೆಕೆಗೆ ಲೋಹ ಹಿಗ್ಗಿ ಒಂದನ್ನೊಂದು ಒತ್ತುತ್ತದೆ. ಗೊತ್ತಿಲ್ಲದವನಿಗೆ ಅದು ಅಂದವಾದ ಒಂದು ಕ್ಲ್ಯಾಂಪು. ಪುಟ್ಟ ತುಂಡನ್ನು ಅದರ ಬಾಯಿಗಿಟ್ಟು, ರ್‍ಯಾಚೆಟ್ ಬಿಟ್ಟು ಮುಂದಿನ ಕೊಳವೆಯನ್ನೇ ಮುಷ್ಟಿಯಲ್ಲಿ ಬಿಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಗೆ ಅದರ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ.

ಟಿ. ನಗರದ ಕರ್ನಾಟಕ ಸಂಘದ ಶಾಲೆಯಲ್ಲಿ ಜತೆಗೆ ಓದಿದ ಗೆಳೆಯನೊಬ್ಬನಿಗೆ ಇದನ್ನು ಕೊಡಲಾರೆ ಎಂದಾಗ ಅವನು ಆಡಿದ ಮಾತು ಸರಿಯಾದ ಜಾಗಕ್ಕೇ ತಾಗಿತು. “ಅಲ್ಲಯ್ಯ, ಮಠದಲ್ಲಿ ಇಷ್ಟು ಪ್ರವಚನ ಕೇಳ್ತೀಯ, ಒಂದು ಕಬ್ಬಿಣದ ತುಂಡಿನ ಮೇಲೆ ಇಷ್ಟು ಮಮಕಾರವೇ?”

ಈಶಾವಾಸ್ಯದ ಮೊದಲ ಮಂತ್ರಕ್ಕೆ ಮಧ್ವಾಚಾರ್ಯರು ಹೇಳುವ ಅರ್ಥ ಇಲ್ಲಿ ಬಹಳ ತಮಾಷೆಯಾಗಿ ಕೂರುತ್ತದೆ. ಜಗತ್ತೆಲ್ಲ ಈಶನ ಅಧೀನ, ಅವನು ಕೊಟ್ಟದ್ದರಲ್ಲಿ ಬದುಕು, ಇನ್ನೊಬ್ಬರ ಹತ್ತಿರ ಹೋಗಿ ಬೇಡಬೇಡ. ಮೊದಲರ್ಧದ ಪ್ರಕಾರ ನನ್ನ ಪೆಟ್ಟಿಗೆಯೇ ಎರವಲಿನದು, ನನ್ನದು ಎಂದು ಬೀಗ ಹಾಕಲು ನಾನು ಯಾರು? ಉಳಿದರ್ಧದ ಪ್ರಕಾರ ಬಾಗಿಲಿಗೆ ಬಂದು ಕೇಳಿದ್ದೇ ತಪ್ಪು. ಗೆಳೆಯ ನನಗೆ ಹೇಳಿದ ಅರ್ಧವನ್ನು ಓದುತ್ತಾನೆ, ನಾನು ಅವನಿಗೆ ಹೇಳಿದ್ದನ್ನು ಓದುತ್ತೇನೆ. ಇಬ್ಬರೂ ಪರಮ ವೈದಿಕರು.

ಎರವಲು ತಂದವನಿಗೆ ಒಂದು ಹೊಣೆ ಇದೆಯಲ್ಲ, ನನ್ನ ವಾದ ಅಲ್ಲಿಂದ ಶುರು. ಅರ ದೇವರದೇ ಆಗಿದ್ದರೂ ಅದನ್ನು ಕೆಡದಂತೆ ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಶರಣರ ಕಡೆ ನೋಡಿದರೂ ಹಾಗೇ ಕಾಣುತ್ತದೆ. ಜೇಡರ ದಾಸಿಮಯ್ಯನದು ಮಗ್ಗದ ಕಾಯಕ, ಹರಳಯ್ಯನದು ಚಮ್ಮಾರಿಕೆ. ದಾಸೋಹಕ್ಕೆ ಹೋದದ್ದು ಆ ಕಾಯಕದ ಫಲ. ಮಗ್ಗವನ್ನೇ ಎತ್ತಿ ಬೀದಿಗೆ ಕೊಟ್ಟಿದ್ದರೆ ಮರುದಿನದ ದಾಸೋಹ ನಿಲ್ಲುತ್ತಿತ್ತು. ನನಗೆ ಪ್ರವಚನ ಹೇಳಿದ ಗೆಳೆಯನಿಗೆ ಬೇಕಾಗಿದ್ದದ್ದು ಒಂದು ಶಾಫ್ಟಿನ ಅಳತೆ. ಅದನ್ನು ತಂದುಕೊಡು, ಅಳೆದುಕೊಡುತ್ತೇನೆ ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ಅಳತೆಗಿಂತ ಆ ಹೊತ್ತಿಗೆ ಅವನಿಗೆ ಬೇಕಿದ್ದದ್ದು ನಾನು ಅವನನ್ನು ಎಷ್ಟು ನಂಬುತ್ತೇನೆ ಎಂಬುದಕ್ಕೆ ಒಂದು ಸಾಕ್ಷಿ. ಗೆಳೆತನದಲ್ಲಿ ಎರವಲು ಕಷ್ಟವಾಗುವುದು ಇದರಿಂದಲೇ. ನೆರೆಮನೆಯವನು ಏಣಿ ಕೇಳುತ್ತಾನೆ, ಗೆಳೆಯ ಪರೀಕ್ಷೆ ಇಡುತ್ತಾನೆ.

ನಮ್ಮಮ್ಮ ಶಾಲೆ ಕಲಿತವರಲ್ಲ. ಈ ವಿಷಯದಲ್ಲಿ ನಾನು ಒಪ್ಪುವ ತೀರ್ಪು ಅವರದು. ಸರಸ್ವತಿ ಪೂಜೆಯ ದಿನ ಮದ್ರಾಸಿನಲ್ಲಿ ಆಟೋಗೆ ಬಾಳೆಕಂದು ಕಟ್ಟುತ್ತಾರೆ, ಅಂಗಡಿಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದು ರಸ್ತೆಯೆಲ್ಲ ಕೆಂಪಾಗುತ್ತದೆ, ಮನೆಮನೆಗೂ ಪುರಿ ಕಡಲೆ. ನಮ್ಮ ಮನೆಯಲ್ಲಿ ಅಪ್ಪನ ಪಂಚಾಂಗ, ತಂಗಿಯ ವೀಣೆ, ಇವುಗಳ ಪಕ್ಕದ ಮಣೆಯ ಮೇಲೆ ನನ್ನ ಸ್ಪಾನರುಗಳು, ಉಳಿ, ಅರ, ಪೈಪ್ ರೆಂಚು. ಸೀಮೆಎಣ್ಣೆಯಲ್ಲಿ ಒರೆಸಿ, ಗಂಧ ಕುಂಕುಮ ಹಚ್ಚಿ ಇಟ್ಟ ಮೇಲೆ ಮರುದಿನ ಪುನಃಪೂಜೆ ಆಗುವವರೆಗೆ ಮುಟ್ಟುವ ಹಾಗಿಲ್ಲ. ಅಂಥ ದಿನ ಮಧ್ಯಾಹ್ನ ಪಕ್ಕದ ಮ್ಯಾನ್ಷನ್ನಿನ ವಾಚ್‌ಮನ್ ಓಡಿಬಂದ. ಟ್ರಿಪ್ಲಿಕೇನಿನ ಮ್ಯಾನ್ಷನ್ನು ಅಂದರೆ ಒಂದೊಂದು ಕೋಣೆಗೆ ಮೂರು ನಾಲ್ಕು ಬ್ರಹ್ಮಚಾರಿಗಳು. ಮೂರನೇ ಮಹಡಿಯಲ್ಲಿ ಪೈಪು ಕಿತ್ತು ನೀರು ಮೆಟ್ಟಿಲ ಮೇಲೆ ಹರಿಯುತ್ತಿದೆ, ಪ್ಲಂಬರು ರಜೆ, ಆ ರೆಂಚು ಕೊಡಿ ಸಾಮಿ ಎಂದ.

ಅಮ್ಮ “ಇವತ್ತು ಮುಟ್ಟೋ ಹಾಗಿಲ್ಲ ಕಣೋ” ಅಂದರು. ಮದ್ರಾಸಿನಲ್ಲಿ ನೀರು ಹರಿದುಹೋಗುವುದನ್ನು ಕೇಳಿಸಿಕೊಂಡು ಸುಮ್ಮನೆ ಕೂರುವುದು ಅವರಿಂದಲೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ತಾವೇ ರೆಂಚಿನ ಮೇಲೆ ಎರಡು ಕಾಳು ಅಕ್ಷತೆ ಹಾಕಿ, ಮಣೆಯಿಂದ ಚೂರು ಸರಿಸಿ ಹೇಳಿದರು: “ತಗೊಂಡು ಹೋಗು. ನೀನೇ ಹೋಗು. ಅವನ ಕೈಗೆ ಕೊಡಬೇಡ.” ಹೋದೆ. ದವಡೆಗೆ ಹಚ್ಚಿದ ಗಂಧ ಇನ್ನೂ ಹಸಿ, ಮೊದಲ ಪಟ್ಟಿಗೆ ಪೈಪಿನ ಮೇಲೆ ಜಾರಿತು. ಪಂಚೆಯ ತುದಿಯಲ್ಲಿ ಒರೆಸಿ ಹಿಡಿದೆ. ವಾಪಸು ಬಂದಾಗ ಅಮ್ಮ ಮತ್ತೆ ಕುಂಕುಮ ಹಚ್ಚಿ ಮಣೆಯ ಮೇಲಿಟ್ಟರು, ಆ ವಿಷಯ ಮತ್ತೆ ಎತ್ತಲಿಲ್ಲ.

ಇದನ್ನು ಫೋರ್‌ಮನ್ನರಿಗೆ ಹೇಳಿದಾಗ ಅವರು ಬೈಬಲ್ಲಿನಿಂದ ಎರಡು ಜಾಗ ತೆಗೆದರು. ಒಂದು ಎಲೀಷನ ಕತೆ. ಪ್ರವಾದಿಯ ಶಿಷ್ಯರು ಜೋರ್ಡಾನ್ ಹೊಳೆಯ ದಡದಲ್ಲಿ ಮರ ಕಡಿಯುವಾಗ ಒಬ್ಬನ ಕೊಡಲಿಯ ಕಬ್ಬಿಣ ಕಳಚಿ ನೀರಿಗೆ ಬಿತ್ತು. ಅವನು ಬಾಯಿ ಬಡಿದುಕೊಂಡದ್ದು ಅದು ಎರವಲು ತಂದದ್ದು ಎಂಬುದಕ್ಕೆ. ಎಲೀಷ ಒಂದು ಕಡ್ಡಿ ಕಡಿದು ನೀರಿಗೆ ಹಾಕಿದ, ಕಬ್ಬಿಣ ತೇಲಿತು. ಸತ್ತವರನ್ನು ಎಬ್ಬಿಸುವ ಶಕ್ತಿ ಇದ್ದವನು ಒಂದು ಕೊಡಲಿಗಾಗಿ ಪವಾಡ ಖರ್ಚು ಮಾಡಿದ್ದು ನನಗೆ ಇವತ್ತಿಗೂ ಇಷ್ಟ.

ಇನ್ನೊಂದು ವಿಮೋಚನಕಾಂಡದ 22ನೇ ಅಧ್ಯಾಯದ ಕಾನೂನು. ಒಬ್ಬ ಇನ್ನೊಬ್ಬನ ದನವನ್ನು ಕೆಲಸಕ್ಕೆ ಕೇಳಿ ಒಯ್ದ, ಅದಕ್ಕೆ ಪೆಟ್ಟಾಯಿತು ಅಥವಾ ಸತ್ತಿತು ಎನ್ನಿ. ಒಡೆಯ ಜತೆಗಿರದಿದ್ದರೆ ಒಯ್ದವನು ಬೆಲೆ ಕಟ್ಟಿಕೊಡಬೇಕು, ಒಡೆಯ ಜತೆಗಿದ್ದರೆ ಕೊಡಬೇಕಾಗಿಲ್ಲ. ಅಮ್ಮ ಮಣೆಯ ಮುಂದೆ ನಿಂತು ಹೇಳಿದ್ದೂ ಇದೇ.

ನಮ್ಮ ಕೌಟಿಲ್ಯ ಇಷ್ಟು ದೂರ ಹೋಗುವುದಿಲ್ಲ. ಅರ್ಥಶಾಸ್ತ್ರದಲ್ಲಿ ಒತ್ತೆ, ಇಡುಗಂಟುಗಳ ಭಾಗದಲ್ಲಿ ಎರವಲಿನ ಮಾತೂ ಬರುತ್ತದೆ. ಹೇಗೆ ತಂದಿರೋ ಹಾಗೇ ಒಪ್ಪಿಸಿ, ಅನಿರೀಕ್ಷಿತ ಆಪತ್ತಿನಲ್ಲಿ ಹಾಳಾದರೆ ಬೆಲೆ ತೆರಬೇಕಿಲ್ಲ ಎನ್ನುತ್ತಾನೆ. ಹೇಗೆ ತಂದಿರೋ ಹಾಗೇ ಎನ್ನುವಲ್ಲಿ ನನ್ನ ಅರ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಕೊಟ್ಟ ಹಾಗೇ ಕೊಟ್ಟಿದ್ದೇನೆ ಎಂದು ಗೆಳೆಯ ಪ್ರಮಾಣ ಮಾಡಬಲ್ಲ. ಅಂದಹಾಗೆ ಈ ಗ್ರಂಥ ನಮಗೆ ಸಿಕ್ಕಿದ್ದೇ ಒಬ್ಬರು ಕೈಬಿಚ್ಚಿ ಕೊಟ್ಟದ್ದರಿಂದ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು, ರುದ್ರಪಟ್ಟಣದ ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಪುಸ್ತಕ ಪರರ ಕೈಗೆ ಹೋದರೆ ಹೋದಂತೆಯೇ ಎಂದು ಹೆದರಿಸುವ ಹಳೆಯ ಸುಭಾಷಿತವನ್ನು ಆ ಪಂಡಿತರೂ ಕೇಳಿಯೇ ಇದ್ದಿರಬೇಕು. ಹಾಗಾಗಿ ಕೊಡುವುದೇ ತಪ್ಪು ಎನ್ನುವವರ ಪಕ್ಷ ನನ್ನದಲ್ಲ. ತಾಳೆಗರಿ ಹೋದದ್ದು ಅದನ್ನು ಓದಬಲ್ಲವರ ಕೈಗೆ.

ಒಡೆಯ ಜತೆಗಿರುವುದರಲ್ಲಿ ಒಂದು ಕಷ್ಟ ಇದೆ, ಅವನ ಹೊತ್ತು ಹೋಗುತ್ತದೆ. ಬಾಗಿಲಲ್ಲೇ ಡ್ರಿಲ್ಲಿಂಗ್ ಮಷಿನ್ ಕೊಟ್ಟು ಕಳಿಸಿದರೆ ಔದಾರ್ಯವೂ ಆಯಿತು, ಕಾಫಿಯೂ ಆರಲಿಲ್ಲ. ಉದಾರಿಗಳೆಂದು ಹೆಸರು ಪಡೆದವರಲ್ಲಿ ಕೆಲವರು ಬರಿಯ ಸೋಮಾರಿಗಳು ಎಂದು ನನ್ನ ಅನುಮಾನ. ಜತೆಗೆ ಕೊಡುವವನಿಗೂ ಕಾನೂನು ಒಂದು ಭಾರ ಹೊರಿಸಿದೆ. 1872ರ ಕಾಂಟ್ರಾಕ್ಟ್ ಆ್ಯಕ್ಟಿನ 150ನೇ ಸೆಕ್ಷನ್ನಿನಲ್ಲಿ ಒಂದು ಪುಂಡ ಕುದುರೆಯ ದೃಷ್ಟಾಂತ ಬರುತ್ತದೆ. ಅದು ಪುಂಡು ಎಂದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಹತ್ತಿದವನು ಬಿದ್ದು ಪೆಟ್ಟು ಮಾಡಿಕೊಂಡದ್ದಕ್ಕೆ ಕೊಟ್ಟವನೇ ಹೊಣೆ. ನನ್ನ ಮಷಿನ್ನಿನ ಸ್ವಿಚ್ಚು ಒಮ್ಮೊಮ್ಮೆ ಅಂಟಿಕೊಳ್ಳುತ್ತದೆ, ಬಿಟ್ಟರೂ ತಿರುಗುತ್ತಿರುತ್ತದೆ. ಇದನ್ನು ಬಾಗಿಲಲ್ಲಿ ಎಷ್ಟು ಜನಕ್ಕೆ ಎಷ್ಟು ವಿವರವಾಗಿ ಹೇಳುವುದು? ನಾನೇ ಹೋಗಿ ಗೋಡೆಗೆ ತೂತು ಹಾಕಿಕೊಟ್ಟು ಬರುವುದು ಮೇಲು.

2015ರ ಡಿಸೆಂಬರಿನಲ್ಲಿ ಅಡ್ಯಾರ್ ಹೊಳೆ ಉಕ್ಕಿ ಕೋಟ್ಟೂರ್‌ಪುರಂ, ಸೈದಾಪೇಟೆಯ ಮನೆಗಳು ಮುಳುಗಿದಾಗ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಬೀದಿಗೆ ತಂದರು. ಮೀನುಗಾರನಿಗೆ ದೋಣಿಗಿಂತ ದೊಡ್ಡ ಆಸ್ತಿ ಏನಿದೆ? ಬೀದಿಯ ನೀರು ಸಮುದ್ರದ ಹಾಗಲ್ಲ, ಅಡಿಯಲ್ಲಿ ಕಾಂಪೌಂಡ್ ಗೋಡೆ, ಗೇಟಿನ ಚೂಪು ಸಲಾಕಿ, ಮುಳುಗಿದ ಕಾರು, ಮೇಲೆ ಕರೆಂಟಿನ ತಂತಿ. ಹುಟ್ಟು ಹಿಡಿದು ಗೊತ್ತಿಲ್ಲದವರ ಕೈಗೆ ದೋಣಿ ಕೊಟ್ಟಿದ್ದರೆ ದೋಣಿಯೂ ಹೋಗುತ್ತಿತ್ತು, ಜನವೂ ಹೋಗುತ್ತಿದ್ದರು. ಅವರು ದೋಣಿಯ ಜತೆ ತಾವೂ ಬಂದರು. ಭಾಯ್ ಓದಿದ ಅಧ್ಯಾಯ, ಫೋರ್‌ಮನ್ನರ ಕಾನೂನು, ಅಮ್ಮನ ಅಕ್ಷತೆ ಎಲ್ಲವೂ ಆ ಎರಡು ಮೂರು ದಿನ ಒಂದೇ ಮಾತನ್ನು ಹೇಳಿದಂತೆ ನನಗೆ ಕಂಡಿತು.

ಈಗ ನಮ್ಮ ಫ್ಲಾಟಿನ ಸಂಘದವರು ಎಲ್ಲರೂ ದುಡ್ಡು ಹಾಕಿ ಒಂದು ಡ್ರಿಲ್ಲಿಂಗ್ ಮಷಿನ್ ತಂದಿದ್ದಾರೆ, ಇನ್ನು ಯಾರೂ ಯಾರನ್ನೂ ಕೇಳಬೇಕಿಲ್ಲ ಎಂದು ಹುರುಪು. ಯಾರದೂ ಅಲ್ಲದ ಮಷಿನ್ನಿನ ಕಾರ್ಬನ್ ಬ್ರಷ್ಷು ಸವೆದದ್ದನ್ನು ಯಾರು ನೋಡುತ್ತಾರೆ ಎಂದು ಸಭೆಯಲ್ಲಿ ಕೇಳಿದೆ. ಕೇಳಿದ ತಪ್ಪಿಗೆ ಅದನ್ನು ನನ್ನ ಮನೆಯಲ್ಲೇ ಇಟ್ಟುಹೋದರು. ನಾನೂ ಎರಡು ಷರತ್ತು ಬರೆಸಿದ್ದೇನೆ. ಡ್ರಿಲ್ಲಿನ ಬಿಟ್ ಅವರವರೇ ತರಬೇಕು, ಕಾಂಕ್ರೀಟಿಗೆ ಕಾಂಕ್ರೀಟಿನದು, ಮರಕ್ಕೆ ಮರದ್ದು. ಮಷಿನ್ ಬೇಕಾದವರು ನನ್ನನ್ನೂ ಜತೆಗೆ ಕರೆದುಕೊಂಡು ಹೋಗಬೇಕು. ಮಧ್ಯಾಹ್ನ 2ರಿಂದ 4ರವರೆಗೆ ಮಲಗಿರುತ್ತೇನೆ, ಆಗ ಬೆಲ್ ಮಾಡಬಾರದು ಎಂಬುದನ್ನು ಭಾಯ್ ತಾವಾಗಿಯೇ ಸೇರಿಸಿದರು.