ಹಳೆಯ ದೋಣಿ ಮತ್ತು ರಸ್ಕಿನ್‌ನ ತಕರಾರು

ಹಳೆಯದನ್ನು ಮುಟ್ಟಬಾರದು, ಮುಟ್ಟಿದರೆ ಅದು ಸುಳ್ಳಾಗುತ್ತದೆ ಎನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಹೇಳುವವರು ಹೆಚ್ಚಾಗಿ ಓದಿಕೊಂಡವರು, ಸೂಕ್ಷ್ಮ ಮನಸ್ಸಿನವರು. ಲೇಪಾಕ್ಷಿಯ ಚಾವಣಿಚಿತ್ರಗಳ ಕೆಳಗೆ ತಲೆಯೆತ್ತಿ ನಿಂತು, ಬಣ್ಣ ಮಾಸಿರುವುದರಲ್ಲೇ ಅದರ ಸತ್ಯವಿದೆ ಎನ್ನುತ್ತಾರೆ. ಅಂಥ ಗೆಳೆಯರೊಬ್ಬರು ಹಿಂದೂಪುರದ ಬಡಗಿಯ ಶೆಡ್ಡಿನಲ್ಲಿ ಮಗುಚಿ ಹಾಕಿದ್ದ ನನ್ನ ಹಾಯಿದೋಣಿಯ ಸುತ್ತ ಒಂದು ಸುತ್ತು ಬಂದು, "ಹಲಗೆ ಹೊಸದು, ಹಗ್ಗ ಹೊಸದು, ರೇಸಿಗೆ ಮಾಡಿದ್ದನ್ನ ಈಗ ವಿಹಾರಕ್ಕೆ ಅಂತೀರಿ. ಇದ್ದ ಹಾಗೇ ಬಿಡಬೇಕಿತ್ತು, ಇಲ್ಲಾ ಹೊಸದೇ ತಗೋಬೇಕಿತ್ತು. ಇದು ಎರಡೂ ಅಲ್ಲ" ಎಂದರು. ಅವರಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಆ ಮಾತಿನ ಹಿಂದೆ ಅವರಿಗಿಂತ ದೊಡ್ಡವನೊಬ್ಬ ನಿಂತಿದ್ದಾನೆ. ಅವನನ್ನು ಎದುರಿಸದೆ ಇವರಿಗೆ ಉತ್ತರ ಕೊಟ್ಟು ಫಲವಿಲ್ಲ.

ಅವನು ಜಾನ್ ರಸ್ಕಿನ್. ನಮಗೆ ಅವನು ಗಾಂಧಿಯ ಮೂಲಕ ಪರಿಚಿತ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ಗಾಂಧಿಗೆ ಗೆಳೆಯ ಪೋಲಾಕ್ ಕೊಟ್ಟ 'ಅನ್‌ಟು ದಿಸ್ ಲಾಸ್ಟ್' ಅವನದೇ ಪುಸ್ತಕ. ಅದಕ್ಕೂ ಮೊದಲು, 1849ರಲ್ಲಿ, ಅವನು 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಬರೆದ. ಅದರಲ್ಲಿ ನೆನಪನ್ನು ಕುರಿತ ಅಧ್ಯಾಯವೊಂದಿದೆ. ಹಳೆಯ ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆ ಎನ್ನುವುದು ಆ ಕಟ್ಟಡಕ್ಕೆ ಆಗಬಹುದಾದ ಪೂರ್ತಿ ನಾಶ, ಸತ್ತವರನ್ನು ಎಬ್ಬಿಸುವಷ್ಟೇ ಅಸಾಧ್ಯ ಎಂದು ಅಲ್ಲಿ ವಾದಿಸುತ್ತಾನೆ. ಕಲ್ಲಿನಲ್ಲಿ ಉಳಿದಿರುವುದು ಕೆಲಸಗಾರನ ಕೈ ಮತ್ತು ಕಣ್ಣು; ಮೇಲಿನ ಅರ್ಧ ಇಂಚು ಸವೆದುಹೋದ ಮೇಲೆ ಅದನ್ನು ಯಾರೂ ಮರಳಿ ತರಲಾರರು. ಹಾಗಾದರೆ ಏನು ಮಾಡಬೇಕು? ಇದ್ದದ್ದನ್ನು ದಿನದಿನ ನೋಡಿಕೊಳ್ಳಿ, ಸಡಿಲವಾದಲ್ಲಿ ಕಬ್ಬಿಣದ ಪಟ್ಟಿ ಹಾಕಿ, ವಾಲಿದಲ್ಲಿ ಮರದ ಆಸರೆ ಕೊಡಿ, ಅಂದಗೆಟ್ಟರೆ ಕೆಡಲಿ. ಕೊನೆಗೊಂದು ದಿನ ಅದು ಬೀಳುತ್ತದೆ, ಬೀಳಲಿ. ಅದರ ಜಾಗದಲ್ಲಿ ಸುಳ್ಳನ್ನು ಮಾತ್ರ ನಿಲ್ಲಿಸಬೇಡಿ.

ಇಂಥ ಚರ್ಚೆ ಎದ್ದಾಗ ಗ್ರೀಕರ ಥೀಸಿಯಸ್‌ನ ಹಡಗನ್ನು ಎಳೆದು ತರುವುದು ರೂಢಿ. ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ ಎಂಬ ಆ ಪ್ರಶ್ನೆಯನ್ನು ಪ್ಲುಟಾರ್ಕ್ ದಾಖಲಿಸಿದ, ಹಾಬ್ಸ್ ಬೆಳೆಸಿದ. ನಮ್ಮ ಕಡೆ ಮಿಲಿಂದ ರಾಜನಿಗೆ ನಾಗಸೇನ ಹೇಳಿದ ರಥದ ಉದಾಹರಣೆಯೂ ಇದೆ. ಇವು ನನ್ನನ್ನು ತಟ್ಟುವುದಿಲ್ಲ. ಆ ಹಡಗನ್ನು ಯಾರೂ ನೀರಿಗಿಳಿಸುವುದಿಲ್ಲ, ಅದರ ಹಲಗೆ ಯಾಕೆ ಕೊಳೆಯಿತೆಂದು ಯಾರೂ ಕೇಳುವುದಿಲ್ಲ. ರಸ್ಕಿನ್ ಹಾಗಲ್ಲ. ಅವನು ವಸ್ತುವನ್ನು ಕೈಯಲ್ಲಿ ಹಿಡಿದು ಮಾತಾಡುವವನು. ಅದಕ್ಕೇ ಅವನ ತಪ್ಪು ನೋಯಿಸುತ್ತದೆ.

ಮೊದಲು ನನ್ನ ದೋಣಿ ಎಂಥದೆಂದು ಹೇಳಬೇಕು. ಅದು ಎಂಟರ್‌ಪ್ರೈಸ್ ವರ್ಗದ್ದು. ಜಾಕ್ ಹೋಲ್ಟ್ ಎಂಬ ಇಂಗ್ಲಿಷ್ ವಿನ್ಯಾಸಕಾರ 1956ರಲ್ಲಿ ರೂಪಿಸಿದ, ಇಬ್ಬರು ನಡೆಸುವ, ನಾಲ್ಕು ಮೀಟರಿಗೆ ಕೂದಲೆಳೆ ಹೆಚ್ಚು ಉದ್ದದ ಪ್ಲೈವುಡ್ ದೋಣಿ. ನೀಲಿ ಹಾಯಿ ಅದರ ಗುರುತು. ಭಾರತದ ಕ್ಲಬ್ಬುಗಳಲ್ಲಿ ಇವು ಬಹಳ ಕಾಲ ಓಡಿದವು. 1982ರ ಏಷ್ಯಾಡ್‌ನಲ್ಲಿ ಮುಂಬೈ ಕಡಲಿನಲ್ಲಿ ಈ ವರ್ಗದ ಚಿನ್ನ ಗೆದ್ದವರು ಪಾಕಿಸ್ತಾನದ ಬೈರಾಮ್ ಆವಾರಿ ಮತ್ತು ಅವರ ಹೆಂಡತಿ ಗೋಶ್ಪಿ. ಕರ್ನಾಟಕದಲ್ಲಿ ಹಾಯಿ ಹಿಡಿದವರಿಗೆ ಗೊತ್ತಿರುವ ನೀರೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ನಡೆಸುವ ತೃಷ್ಣಾ ಸೇಲಿಂಗ್ ಕ್ಲಬ್ ಅಲ್ಲಿದೆ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ ಹಾಯಿನೌಕೆಯ ಹೆಸರೇ ತೃಷ್ಣಾ. ಅದೂ ಇಂಗ್ಲೆಂಡಿನಿಂದ ಕೊಂಡು ತಂದ, ಬಳಸಿದ ನೌಕೆ.

ನನ್ನದು ಸಿಕ್ಕಿದ್ದು ಒಂದು ಕ್ಲಬ್ಬಿನ ಶೆಡ್ಡಿನ ಹಿಂಬದಿಯಲ್ಲಿ. ನಾನಿರುವುದು ಕಲ್ಯಾಣದುರ್ಗದಲ್ಲಿ. ಒಳ್ಳೆಯ ಬಡಗಿ ಗೊತ್ತಿದ್ದದ್ದು ಹಿಂದೂಪುರದಲ್ಲಿ. 2022ರಲ್ಲಿ ಕರ್ನಾಟಕದ ಗಡಿಯಾಚೆಯ ನಮ್ಮ ಜಿಲ್ಲೆ ಒಡೆದ ಮೇಲೆ ಎರಡು ಊರೂ ಬೇರೆ ಬೇರೆ ಜಿಲ್ಲೆಗೆ ಸೇರಿವೆ, ಆದರೆ ಮಡಕಶಿರಾ, ರಾಯದುರ್ಗದ ಕಡೆಯೆಲ್ಲ ಕನ್ನಡ ಮೊದಲಿದ್ದಲ್ಲೇ ಇದೆ. ಬರದ ಸೀಮೆಯಲ್ಲಿ ಹಾಯಿದೋಣಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮಳೆನೆರಳಿನ ಈ ನಾಡಿಗೆ ಮುಂಗಾರು ಮೋಡವನ್ನು ಕೊಡದಿದ್ದರೂ ಗಾಳಿಯನ್ನು ಧಾರಾಳವಾಗಿ ಕೊಡುತ್ತದೆ. ಕಲ್ಯಾಣದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ನೀರು ಬಂದ ವರ್ಷ ವೇದಾವತಿಯ ಭೈರವಾನಿತಿಪ್ಪ ಜಲಾಶಯವಿದೆ. ಅದೇ ನದಿಯ ಮೇಲ್ಭಾಗದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಲ್ಲಿ ನೀರಿಗಾಗಿ ಕಾಯುವುದು ಅಭ್ಯಾಸವಾಗಿಬಿಟ್ಟಿದೆ. ಕಾಯುತ್ತಾ ದೋಣಿ ರಿಪೇರಿ ಮಾಡಬಹುದು.

ಈಗ ರಸ್ಕಿನ್‌ಗೆ ನನ್ನ ಮೊದಲ ಉತ್ತರ. ನೀನು ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಕಲ್ಲಿಗೆ ತಾಳ್ಮೆಯಿದೆ. ಲೇಪಾಕ್ಷಿಯ ಕಲ್ಯಾಣಮಂಟಪ ಹದಿನಾರನೆಯ ಶತಮಾನದಿಂದ ಅರ್ಧಕ್ಕೇ ನಿಂತಿದೆ. ಅದನ್ನು ಯಾರೂ ಮುಗಿಸದೆ ಬಿಟ್ಟದ್ದು ನಮ್ಮ ಭಾಗ್ಯ, ಇದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ಲೈವುಡ್ಡಿಗೆ ಅಂಥ ತಾಳ್ಮೆಯಿಲ್ಲ. ತೆಳು ಪದರಗಳನ್ನು ಅಡ್ಡಡ್ಡವಾಗಿ ಅಂಟಿಸಿ ಮಾಡಿದ್ದು ಅದು. ಬಣ್ಣ ಬಿರುಕುಬಿಟ್ಟು ಅಂಚಿನಿಂದ ನೀರು ಒಳಹೊಕ್ಕರೆ ಪದರ ಬಿಡುತ್ತದೆ, ಬಿಟ್ಟಲ್ಲಿ ಕೊಳೆ ಹಿಡಿಯುತ್ತದೆ, ಕೊಳೆ ಪಕ್ಕದ ಗಟ್ಟಿ ಮರಕ್ಕೂ ದಾಟುತ್ತದೆ. ಇಲ್ಲಿ ನೋಡಿಕೊಳ್ಳುವುದು ಎಂದರೆ ಕತ್ತರಿಸಿ ತೆಗೆಯುವುದು, ಹೊಸದು ಕೂರಿಸುವುದು. ಆನೆಗೊಂದಿಯಲ್ಲಿ ತುಂಗಭದ್ರೆ ದಾಟಿಸುವ ಹರಿಗೋಲನ್ನೇ ನೋಡಿ. ಬಿದಿರಿನ ಹೆಣಿಗೆ ಮುರಿದಲ್ಲಿ ಹೊಸ ಬಿದಿರು ಸೇರುತ್ತದೆ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಬಿಗಿದು ಡಾಂಬರು ಬಳಿಯುತ್ತಾರೆ. ಅಂಬಿಗನಿಗೆ ಅದು ಅಪ್ಪನ ಕಾಲದ ಹರಿಗೋಲೇ. ಬದಲಾಗುತ್ತಾ ಉಳಿಯುವುದೇ ಅದರ ಬಾಳು. ರಸ್ಕಿನ್ ಎಳೆದ ಗೆರೆ, ಇತ್ತ ಆರೈಕೆ ಅತ್ತ ಜೀರ್ಣೋದ್ಧಾರ ಎಂಬ ಗೆರೆ, ದೋಣಿಯ ಮೇಲೆ ಎಲ್ಲಿಯೂ ಕೂರುವುದಿಲ್ಲ.

ಈ ಉತ್ತರ ನನಗೆ ಸಾಕೆನಿಸಿತ್ತು, ಸೆಂಟರ್‌ಬೋರ್ಡ್ ಪೆಟ್ಟಿಗೆ ಬಿಚ್ಚುವವರೆಗೆ. ದೋಣಿಯ ನಡುವೆ, ತಳದಿಂದ ನೀರಿಗಿಳಿಯುವ ಹಲಗೆ ಕೂರುವ ಕಿರಿದಾದ ಗೂಡು ಅದು. ಹಳೆಯ ಎಂಟರ್‌ಪ್ರೈಸ್‌ಗಳು ಮೊದಲು ಕೊಳೆಯುವ ಜಾಗವೇ ಅದು. ಒಳಗೆ ಬಣ್ಣ ಹಚ್ಚಲು ಕೈ ಹೋಗುವುದಿಲ್ಲ, ತೇವ ಆರುವುದಿಲ್ಲ. ಹಿತ್ತಾಳೆ ಸ್ಕ್ರೂಗಳನ್ನು ಬಿಚ್ಚಿ ಪಕ್ಕದ ಹಲಗೆ ಎಬ್ಬಿಸಿದಾಗ ಅದರ ಒಳಮೈಯಲ್ಲಿ ಒಂದು ಪೆನ್ಸಿಲ್ ಗೆರೆ ಕಂಡಿತು. ಪಟ್ಟಿ ಎಲ್ಲಿ ಕೂರಬೇಕೆಂದು ಯಾರೋ ಎಳೆದದ್ದು. ಗೆರೆಯ ಪಕ್ಕದಲ್ಲಿ ಒಂದು ಬಾಣದ ಗುರುತು, ಯಾವ ಕಡೆ ಮೇಲು ಎಂದು ತೋರಿಸುವುದಕ್ಕೆ. ಮೊದಲು ಎಳೆದ ಗೆರೆಯನ್ನು ಹೊಡೆದುಹಾಕಿ ಅದರ ಪಕ್ಕದಲ್ಲೇ ಮತ್ತೊಂದು ಎಳೆದಿದ್ದ. ತೇವ ತಿಂದ ಮರದಲ್ಲೂ ಆ ಸೀಸದ ಗೆರೆ ಮಿನುಗುತ್ತಿತ್ತು.

ಬಡಗಿ ಆ ಹಲಗೆಯ ಅಂಚನ್ನು ಉಗುರಿನಿಂದ ಒತ್ತಿದರು, ಉಗುರು ಒಳಗೆ ಇಳಿಯಿತು. "ಇದನ್ನ ಇಟ್ಕೊಂಡ್ರೆ ಪಕ್ಕದ್ದೂ ಹೋಗುತ್ತೆ ಸಾರ್" ಎಂದರು. "ಗೆರೆ ಇರೋಷ್ಟಾದ್ರೂ ಉಳಿಸಕಾಗಲ್ವಾ ಆಚಾರ್ರೇ?" ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಗೋಡೆಗೆ ಹಾಕ್ಕೊಳ್ಳೋದಾದ್ರೆ ಕೊಡ್ತೀನಿ. ದೋಣಿಗೆ ಹಾಕೋಕೆ ಬರಲ್ಲ."

ರಸ್ಕಿನ್ ಹೇಳಿದ ಕೈ ಮತ್ತು ಕಣ್ಣು ಅದೇ. ಹರಿಗೋಲಿನ ಉದಾಹರಣೆ ಇಲ್ಲಿ ನಿಲ್ಲುವುದಿಲ್ಲ ಎಂದು ನಾನು ಒಪ್ಪಲೇಬೇಕಾಯಿತು. ಅಲ್ಲಿ ಹೆಣಿಗೆಯ ಪದ್ಧತಿ ಉಳಿಯುತ್ತದೆ, ಬಿದಿರು ಹೋಗುತ್ತದೆ. ಹೆಣೆಯುವ ಕೈಗಳು ಒಂದೇ ಊರಿನವು, ಒಂದರಿಂದ ಒಂದು ಕಲಿತವು. ನನ್ನ ದೋಣಿಗೆ ಅಂಥ ಪರಂಪರೆಯಿಲ್ಲ. ಹೊಡೆದುಹಾಕಿದ ಆ ಗೆರೆ ಎಳೆದವನು ಯಾರು, ಎಲ್ಲಿ ಕೂತು ಎಳೆದ, ಯಾವುದೂ ನನಗೆ ತಿಳಿಯುವುದಿಲ್ಲ. ಅವನು ಒಮ್ಮೆ ತಡೆದು ಯೋಚಿಸಿದ್ದ ಎಂಬುದಕ್ಕೆ ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಆ ಹಲಗೆ. ಅದನ್ನು ತೆಗೆದದ್ದು ನನ್ನ ನಿರ್ಧಾರ.

ಆದರೂ ರಸ್ಕಿನ್‌ನನ್ನು ಅವನದೇ ಪುಸ್ತಕದಿಂದ ತಡೆಯಬಹುದು. 1853ರಲ್ಲಿ 'ದಿ ಸ್ಟೋನ್ಸ್ ಆಫ್ ವೆನಿಸ್' ಎರಡನೆಯ ಸಂಪುಟದಲ್ಲಿ ಗಾಥಿಕ್ ಶೈಲಿಯನ್ನು ಹೊಗಳುತ್ತಾ ಅವನು ಹೇಳುವುದೇನು? ಕೆಲಸಗಾರನನ್ನು ಯಂತ್ರ ಮಾಡಬೇಡಿ, ಅವನ ಕೈಗೆ ಸ್ವಾತಂತ್ರ್ಯ ಕೊಡಿ, ಒರಟಾದರೂ ಅದು ಬದುಕಿರುವ ಮನುಷ್ಯನ ಕೆಲಸವಾಗಿರಲಿ. ಹಾಗಾದರೆ ಹಿಂದೂಪುರದ ಈ ಆಚಾರಿಯ ಕೈ? ಬಾಗಿಲು, ಮಂಚ ಮಾಡುತ್ತಿದ್ದವರು ಅವರು. ಎತ್ತಿನ ಬಂಡಿಯ ಚಕ್ರ ಕಟ್ಟುವುದನ್ನು ತಂದೆಯಿಂದ ಕಲಿತವರು. ದೋಣಿಯನ್ನು ಮುಟ್ಟಿದ್ದು ಇದೇ ಮೊದಲು. ತಳದ ಬಾಗಿಗೆ ಪ್ಲೈ ಬಗ್ಗಿಸಲು ಬಿಸಿನೀರಿನ ಗೋಣಿತಾಟು ಹೊದಿಸಿ, ಕಲ್ಲು ಹೇರಿ, ಒಂದು ರಾತ್ರಿ ಬಿಟ್ಟರು. ಅಂಗಡಿಯಲ್ಲಿ 'ಏಳುನೂರ ಹತ್ತು' ಎಂದು ಕೇಳಿ ತಂದ ಮರೈನ್ ಪ್ಲೈ, ಎಪಾಕ್ಸಿ, ಗ್ಲಾಸ್ ಬಟ್ಟೆ ಎಲ್ಲ ಅವರಿಗೆ ಹೊಸವು; ಕೂಡಿಸುವ ನ್ಯಾಯ ಹಳೆಯದು. ಸತ್ತವನ ಗೆರೆ ಪವಿತ್ರ, ಬದುಕಿರುವವನ ಗೆರೆ ಸುಳ್ಳು ಎಂದರೆ ಅದು ಕೆಲಸಗಾರನ ಮೇಲಿನ ಪ್ರೀತಿಯಲ್ಲ, ಸಾವಿನ ಮೇಲಿನ ಪ್ರೀತಿ. ಗಾಂಧಿಯನ್ನು ಅಲುಗಿಸಿದ ರಸ್ಕಿನ್ ಹಾಗೆ ಹೇಳಲಾರ.

ಹೇಳುವುದೂ ಇಲ್ಲ. ಅವನು ಹೇಳುವುದು ಇನ್ನೂ ಕಷ್ಟದ್ದು: ಬದುಕಿರುವ ಕೈಗೆ ಹೊಸ ದೋಣಿಯನ್ನೇ ಕೊಡು. ಅವರ ಕೆಲಸವನ್ನು ಸತ್ತವನ ಕೆಲಸದ ಒಳಗೆ ಯಾಕೆ ಅಡಗಿಸುತ್ತೀಯ? ಇದಕ್ಕೆ ದುಡ್ಡು ಎಂಬ ಉತ್ತರವಿದೆ, ಅದು ನಿಜ ಕೂಡ. ಆದರೆ ಪೂರ್ತಿ ನಿಜವಲ್ಲ. ನನಗೆ ಹಳೆಯದೇ ಬೇಕಿತ್ತು. ಯಾರೋ ಓಡಿಸಿದ, ಗೆದ್ದ, ಸೋತ, ಅಂಚಿನಲ್ಲಿ ಕೂತು ಗಾಳಿಗೆ ಎದುರು ಮೈ ಬಾಗಿಸಿದ ದೋಣಿ ಬೇಕಿತ್ತು. ಅದರ ವಯಸ್ಸು ಬೇಕಿತ್ತು, ಅದರ ಸಾವು ಬೇಡವಾಗಿತ್ತು. ರಸ್ಕಿನ್ ಆರೋಪಿಸುವುದು ಇದನ್ನೇ.

ರೇಸಿನ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಬಿಡುವುದಿಲ್ಲ. ರೇಸಿನ ದೋಣಿಯನ್ನು ವಿಹಾರಕ್ಕೆ ಇಳಿಸಿದ್ದು ಅವಮಾನ ಎಂದು ನನ್ನ ಗೆಳೆಯರಿಗೆ ಅನಿಸಿತು. ಕಂಬವನ್ನು ಹಿಡಿಯುವ ತಂತಿಗಳನ್ನು ರೇಸಿನವರಷ್ಟು ಬಿಗಿಯುವುದನ್ನು ಬಿಟ್ಟೆ. ಬೂಮನ್ನು ಕೆಳಗೆಳೆಯುವ ಹಲವು ಗಾಲಿಯ ರಾಟೆ ತೆಗೆದು ಸರಳವಾದದ್ದು ಹಾಕಿದೆ. ದೊಡ್ಡ ಹಾಯಿಗೆ ರೀಫ್ ಸಾಲು ಹೊಲಿಸಿದೆ, ಗಾಳಿ ಜೋರಾದಾಗ ಹಾಯಿಯ ಕೆಳಭಾಗ ಮಡಚಿ ಕಟ್ಟಲು. ಹೊಲಿದುಕೊಟ್ಟವರು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು. ದಪ್ಪ ಬಟ್ಟೆಗೆ ಒಗ್ಗಿದ ಅವರ ಮಷೀನು ಜಾರುವ ಡೇಕ್ರಾನ್ ಮೇಲೂ ಅಂಕುಡೊಂಕು ಹೊಲಿಗೆಯನ್ನು ಬಿಗಿಯಾಗಿ ಹಾಕಿತು. ಇಷ್ಟರಿಂದ ದೋಣಿ ನಿಧಾನವಾಯಿತು, ನನ್ನ ಜತೆ ಹೊಸಬರೂ ಕೂರಬಹುದಾಯಿತು. ಅವಮಾನ ಎಲ್ಲಿದೆ? ಈ ವರ್ಗ ಹುಟ್ಟಿದ್ದೇ ಒಂದು ಪತ್ರಿಕೆಯ, ನ್ಯೂಸ್ ಕ್ರಾನಿಕಲ್‌ನ, ಬೆಂಬಲದಿಂದ. ಸಾಮಾನ್ಯ ಜನ ಮನೆಯಲ್ಲೇ ಕಟ್ಟಿಕೊಂಡು ರೇಸಿಗೂ ಸಂಸಾರಕ್ಕೂ ಬಳಸಲಿ ಎಂದು. ಪ್ರಚಾರಕ್ಕಾಗಿ 1956ರ ಜನವರಿಯಲ್ಲಿ ಎರಡು ಎಂಟರ್‌ಪ್ರೈಸ್‌ಗಳು ರಾತ್ರಿ ಹೊತ್ತು ಇಂಗ್ಲಿಷ್ ಕಾಲುವೆ ದಾಟಿದವು. ಈ ದೋಣಿ ಹುಟ್ಟಿನಿಂದಲೇ ಒಂದೇ ಉದ್ದೇಶಕ್ಕೆ ಕಟ್ಟುಬಿದ್ದದ್ದಲ್ಲ. ಮಾಡಿದವನ ಉದ್ದೇಶವೇ ವಸ್ತುವಿನ ಕೊನೆಯ ಮಾತು ಎನ್ನುವುದನ್ನು ನಾನು ಮನುಷ್ಯರ ವಿಷಯದಲ್ಲಿ ಒಪ್ಪುವುದಿಲ್ಲ, ದೋಣಿಯ ವಿಷಯದಲ್ಲಿ ಯಾಕೆ ಒಪ್ಪಲಿ?

ಈ ವಾದ ಗೆಳೆಯರ ಬಾಯಿ ಮುಚ್ಚಿಸುತ್ತದೆ, ರಸ್ಕಿನ್‌ನದಲ್ಲ. ವಿಚಿತ್ರವೆಂದರೆ ಅವನು ದೋಣಿಗಳನ್ನು ಪ್ರಾಣದಂತೆ ಪ್ರೀತಿಸಿದವನು. 1856ರ 'ದಿ ಹಾರ್ಬರ್ಸ್ ಆಫ್ ಇಂಗ್ಲೆಂಡ್' ಪುಸ್ತಕದ ಆರಂಭದಲ್ಲೇ ದೋಣಿಯ ಮೂತಿಯನ್ನು ಕಂಡರೆ ತನಗಾಗುವ ಬೆರಗನ್ನು ಬರೆದಿದ್ದಾನೆ. ಕಾನಿಸ್ಟನ್ ಸರೋವರದ ದಡದಲ್ಲಿದ್ದ ಅವನ ಮನೆಗೆ 'ಜಂಪಿಂಗ್ ಜೆನ್ನಿ' ಎಂಬ ಸ್ವಂತ ದೋಣಿಯೂ ಇತ್ತು. ಅದರ ಹಲಗೆ ಕೊಳೆತಿದ್ದರೆ ಬಡಗಿಯನ್ನು ಕರೆಸದೆ ಇರುತ್ತಿದ್ದನೇ ಎಂದು ಕೇಳಬಹುದು. ಅವನ ಉತ್ತರವೂ ಸಿದ್ಧವಿದೆ: ಜೆನ್ನಿ ನನ್ನದು. ಹಳೆಯ ಕಟ್ಟಡ ನಮ್ಮದಲ್ಲ. ಕಟ್ಟಿದವರದು, ಮುಂದೆ ಬರುವವರದು. ಅದನ್ನು ಮುಟ್ಟಲು ನಮಗೆ ಹಕ್ಕಿಲ್ಲ.

ಇಲ್ಲಿ ನಾನು ನಿಲ್ಲುತ್ತೇನೆ. ನನ್ನ ದೋಣಿ ನನ್ನದೇ? ದುಡ್ಡು ಕೊಟ್ಟು ರಸೀದಿ ಪಡೆದಿದ್ದೇನೆ. ಆ ಪೆನ್ಸಿಲ್ ಗೆರೆಯೂ ರಸೀದಿಯಲ್ಲಿ ಸೇರಿತ್ತೇ? ನಮ್ಮ ಕೆರೆಗಳೂ ನಮ್ಮವಲ್ಲ, ಕಟ್ಟಿಸಿದವರು ಹೋಗಿ ಶತಮಾನಗಳಾದವು. ಆದರೂ ಹೂಳೆತ್ತದೆ ಬಿಟ್ಟವನನ್ನು ಊರು ದೂರುತ್ತದೆ, ಎತ್ತಿದವನನ್ನಲ್ಲ. ಪರರ ವಸ್ತುವನ್ನು ಮುಟ್ಟುವುದೇ ಕೆಲವೊಮ್ಮೆ ಅವರ ಋಣ ತೀರಿಸುವ ದಾರಿ. ಹೀಗೆ ಯೋಚಿಸಿದಾಗ ಸಮಾಧಾನವಾಗುತ್ತದೆ, ಆದರೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಹೂಳು ಕಾಲ ತಂದು ಹಾಕಿದ್ದು, ಯಾರೂ ಮಾಡಿದ್ದಲ್ಲ. ಆ ಹಲಗೆ ಒಬ್ಬ ಮಾಡಿದ್ದು.

ಒಂದು ಕೆಲಸ ಬಾಕಿಯಿದೆ. ಹಳೆಯ ಹಾಯಿಯ ಮೇಲೆ ವರ್ಗದ ಗುರುತು ಮತ್ತು ದೋಣಿಯ ಸಂಖ್ಯೆಯಿತ್ತು. ಆ ಸಂಖ್ಯೆ ಹಾಯಿಯದಲ್ಲ, ದೋಣಿಯ ಒಡಲಿನದು. ಹಾಯಿ ಎಷ್ಟು ಬದಲಾದರೂ ಅದು ಜತೆಗೇ ಬರುತ್ತದೆ. ಈಗ ಒಡಲೇ ಅರ್ಧ ಬದಲಾಗಿದೆ. ಹೊಸ ಹಾಯಿಗೆ ಆ ಸಂಖ್ಯೆ ಹಾಕಿದರೆ ಇದು ಅದೇ ದೋಣಿ ಎಂದು ಸಾರಿದಂತಾಗುತ್ತದೆ, ಆಗ ರಸ್ಕಿನ್ ಎದ್ದು ನಿಲ್ಲುತ್ತಾನೆ. ಹಾಕದಿದ್ದರೆ ಇದನ್ನು ಇಷ್ಟು ವರ್ಷ ಓಡಿಸಿದವರ ಗುರುತನ್ನು ನಾನೇ ಅಳಿಸಿದಂತೆ. ರಾಯದುರ್ಗದವರು ಅಂಕೆಗಳನ್ನು ಕತ್ತರಿಸಿ ಇಟ್ಟು, ಹೊಲಿಯಲೋ ಬೇಡವೋ ಎಂದು ಎರಡು ಸಲ ಕೇಳಿದ್ದಾರೆ. ನೀರು ಬರಲಿ, ಹೇಳುತ್ತೇನೆ ಎಂದಿದ್ದೇನೆ.