ಕಂಡದ್ದೋ, ಊಹಿಸಿದ್ದೋ?

2017ರ ಆರಂಭದಲ್ಲಿ ಜಪಾನಿನ ಫುಕುಶಿಮಾ ಡೈಯಿಚಿ ಅಣುಸ್ಥಾವರದ ಕೆಲಸಗಾರರು ಉದ್ದನೆಯ ಕೊಳವೆಯೊಂದರ ತುದಿಗೆ ಕ್ಯಾಮೆರಾ ಕಟ್ಟಿ ಎರಡನೇ ರಿಯಾಕ್ಟರಿನ ಒಡಲಿಗೆ ತೂರಿಸಿದರು. 2011ರ ಸುನಾಮಿಯ ನಂತರ ಇಂಧನ ಕರಗಿ ಇಳಿದ ಜಾಗವದು. ಮನುಷ್ಯ ಒಳಹೊಕ್ಕರೆ ಬದುಕುವಂತಿಲ್ಲ. ಚಿತ್ರದಲ್ಲಿ ಜಾಲರಿಗೆ ಅಂಟಿದ ಕಪ್ಪು ಗಂಟುಗಳು ಮೂಡಿದವು. ಜೊತೆಗೆ ವಿಕಿರಣ ಬಡಿದು ಎಬ್ಬಿಸಿದ ಚುಕ್ಕೆಗಳು. ಆ ಚುಕ್ಕೆಗಳನ್ನೇ ಲೆಕ್ಕಹಾಕಿ ಸ್ಥಾವರವನ್ನು ನಡೆಸುವ ಟೆಪ್ಕೊ ಕಂಪನಿ ಗಂಟೆಗೆ 530 ಸೀವರ್ಟ್ ವಿಕಿರಣವಿದೆ ಎಂದು ಅಂದಾಜಿಸಿತು. ಕೆಲವು ತಿಂಗಳಲ್ಲಿ ಆ ಅಂಕಿಯನ್ನು ತಾನೇ ಬಹಳ ಕೆಳಕ್ಕೆ ತಿದ್ದಿತು.

ಹಾಗಾದರೆ ಅಲ್ಲಿ ಯಾರಾದರೂ ಏನನ್ನಾದರೂ ಕಂಡರೇ?

ನ್ಯಾಯದರ್ಶನದ ಪ್ರಕಾರ ಇಂದ್ರಿಯವೂ ವಸ್ತುವೂ ಕೂಡಿದಾಗ ಹುಟ್ಟುವ ಅರಿವು ಪ್ರತ್ಯಕ್ಷ. ಗಾಜು, ಅಭ್ರಕ, ಸ್ಫಟಿಕಗಳ ಆಚೆಗಿರುವುದು ಕಣ್ಣಿಗೆ ಹೇಗೆ ಕಾಣುತ್ತದೆಂಬ ಚರ್ಚೆ ನ್ಯಾಯಸೂತ್ರದಲ್ಲೇ ಇದೆ. ಆದರೆ ಇಲ್ಲಿ ಕಣ್ಣು ಕೂಡಿದ್ದು ಪರದೆಯೊಡನೆ. ರಿಯಾಕ್ಟರ್ ದೂರವೇ ಉಳಿಯಿತು. ಚುಕ್ಕೆಗಳಿಂದ ವಿಕಿರಣವನ್ನು ಅರಿಯುವುದು ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವ ದಾರಿ, ಅಂದರೆ ಅನುಮಾನವೆಂಬ ಪ್ರಮಾಣ, ಅರಿವಿನ ದಾರಿ. ಬೌದ್ಧ ತಾರ್ಕಿಕ ದಿಙ್ನಾಗ ಇದಕ್ಕೆ ಬಿಗಿಯಾದ ಷರತ್ತುಗಳನ್ನು ಹಾಕಿದ್ದ: ಗುರುತು ಆ ಸ್ಥಳದಲ್ಲಿರಬೇಕು, ಬೆಂಕಿಯಿರುವ ಕಡೆ ಕಂಡಿರಬೇಕು, ಬೆಂಕಿಯಿಲ್ಲದ ಕಡೆ ಎಲ್ಲೂ ಇರಬಾರದು. ಇಷ್ಟಾದರೂ ಬೆಂಕಿ ಎಷ್ಟು ದೊಡ್ಡದೆಂದು ಹೊಗೆ ಹೇಳುವುದಿಲ್ಲ. 530 ಎಡವಿದ್ದು ಅಲ್ಲೇ.

ಈ ತರ್ಕ ಜಪಾನಿಗೆ ಹೊಸದಲ್ಲ. ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡುಹೋದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಚೀನಾಕ್ಕೆ ಒಯ್ದ ಹೇತುವಿದ್ಯೆಯನ್ನು, ಅಂದರೆ ತರ್ಕಶಾಸ್ತ್ರವನ್ನು, ಅವನ ಶಿಷ್ಯ ಡೋಶೋ ಏಳನೇ ಶತಮಾನದಲ್ಲೇ ಜಪಾನಿಗೆ ತಲುಪಿಸಿದ.

ಇನ್ನೂ ಕಠಿಣವಾದದ್ದು ‘ಇಲ್ಲ’ ಎಂಬ ಅರಿವು. 2015ರಲ್ಲಿ ಆಕಾಶದಿಂದ ಸುರಿಯುವ ಮ್ಯುಆನ್ ಕಣಗಳ ನೆರವಿನಿಂದ ಒಂದನೇ ರಿಯಾಕ್ಟರಿನ ನೆರಳುಚಿತ್ರ ತೆಗೆದಾಗ, ಇಂಧನ ಇರಬೇಕಿದ್ದ ಜಾಗ ಬಹುಮಟ್ಟಿಗೆ ಖಾಲಿ ಕಂಡಿತು. ಕಾಣದಿರುವುದೇ ಒಂದು ಪ್ರಮಾಣವೆಂದು ಸಾಧಿಸಿದವರು ಮೀಮಾಂಸಕ ಕುಮಾರಿಲ ಭಟ್ಟರು. ಆದರೆ ಆ ಪ್ರಮಾಣ ನಿಲ್ಲಬೇಕಾದರೆ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಮ್ಯುಆನ್ ಚಿತ್ರ ದೊಡ್ಡ ರಾಶಿಯನ್ನು ತೋರಬಲ್ಲದು, ಸಣ್ಣ ತುಣುಕನ್ನಲ್ಲ. ಆದ್ದರಿಂದ ‘ರಾಶಿ ಇಲ್ಲ’ ಎನ್ನಬಹುದು, ‘ಚೂರೂ ಇಲ್ಲ’ ಎನ್ನಲಾಗದು. ಯಂತ್ರದೊಳಗಿನ ಫೋಟೊ ನೋಡಿ ಬಿರುಕಿಲ್ಲವೆಂದು ಸಹಿ ಹಾಕುವ ಪ್ರತಿಯೊಬ್ಬ ತಪಾಸಣಾಧಿಕಾರಿಯೂ ನಿಂತಿರುವುದು ಇದೇ ಗೆರೆಯ ಮೇಲೆ.

2017ರ ಜುಲೈಯಲ್ಲಿ ಪುಟ್ಟ ಈಜುವ ರೋಬಾಟ್ ಮೂರನೇ ರಿಯಾಕ್ಟರಿನ ನೀರಿನೊಳಗೆ ಹೆಪ್ಪುಗಟ್ಟಿದ ಉಂಡೆಗಳ ಚಿತ್ರ ತೆಗೆಯಿತು. ಕರಗಿದ ಇಂಧನ ‘ಇರಬಹುದು’ ಎಂದಷ್ಟೇ ಕಂಪನಿ ಹೇಳಿತು. ಮನೆಮಠ ಬಿಟ್ಟು ಹೋದ ಸಾವಿರಾರು ಜನ ಕೇಳಿಸಿಕೊಳ್ಳುತ್ತಿದ್ದಾಗ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳುವುದು ಅವರಿಗೆ ಸಲ್ಲಬೇಕಾದ ಋಣ.

ನಾಲ್ಕು ಕಡೆ ಕಂಡ ಮಾತ್ರಕ್ಕೆ ಎಲ್ಲೆಡೆಯೂ ಹಾಗೇ ಎನ್ನುವುದು ಹೇಗೆಂದು, ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕರು ಕೇಳಿದ್ದರು. ಆ ಪ್ರಶ್ನೆ ಇಲ್ಲೂ ಏಳುತ್ತದೆ. ಕರಗಿದ ಇಂಧನದ ರಾಶಿ ಒಟ್ಟು ಸುಮಾರು 880 ಟನ್ ಎಂಬ ಅಂದಾಜಿದೆ. 2024ರ ನವೆಂಬರಿನಲ್ಲಿ ಎರಡನೇ ರಿಯಾಕ್ಟರಿನಿಂದ ಹೊರಬಂದದ್ದು ಒಂದು ಗ್ರಾಮಿಗಿಂತ ಕಡಿಮೆ. 2025ರ ಏಪ್ರಿಲ್‌ನಲ್ಲಿ ಅದೇ ರಿಯಾಕ್ಟರಿನ ಬೇರೊಂದು ಜಾಗದಿಂದ ಮತ್ತೊಂದು ಚೂರನ್ನು ತೆಗೆದರು.